ಅಂಗವಿಕಲರಿಂದ ಪರೀಕ್ಷೆ ಕಡ್ಡಾಯವಾಗಲಿ
ಗ್ರಾಹಕರ ಗುರುತನ್ನು ಆನ್‌ಲೈನ್‌ನಲ್ಲಿ ದೃಢೀಕರಿಸುವ ಇ–ಕೆವೈಸಿಗೆ ಕಣ್ಣು ಮಿಟುಕಿಸಲೇಬೇಕು ಎಂಬ ನಿಬಂಧನೆಯಿಂದಾಗಿ ಆ್ಯಸಿಡ್‌ ದಾಳಿ ಸಂತ್ರಸ್ತರು ಹಾಗೂ ಅಂಧರು ಹೊರಗುಳಿಯುತ್ತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌, ಡಿಜಿಟಲ್‌ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿ ನೀಡಿರುವ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್‌ 30ರಂದು ಹೇಳಿತು. ಜಾಲತಾಣ, ಆ್ಯಪ್‌ಗಳನ್ನು ತಜ್ಞರು ಕಾಲಕಾಲಕ್ಕೆ ತಪಾಸಣೆ ಮಾಡಬೇಕೆಂದೂ ಸೂಚಿಸಿತು. ಆದರೆ, ಅಂಧರಿಂದಲೇ ಪರೀಕ್ಷೆ ಮಾಡಿಸುವ ವಿಚಾರವನ್ನು ಸಂಸ್ಥೆಗಳ ಇಚ್ಛೆಗೆ ಬಿಟ್ಟಿದೆ.

ತೊಡಕಿರುವುದು ಅಲ್ಲಿಯೇ. ಚಿತ್ರಕ್ಕೆ ವಿವರಣೆ ಇದೆಯೇ ಎಂಬುದನ್ನು ತಪಾಸಣೆಯ ತಂತ್ರಾಂಶ ಹೇಳಬಲ್ಲದು. ಆ ವಿವರಣೆಯನ್ನು ಕೇಳಿದ ಅಂಧರಿಗೆ ಏನಾದರೂ ತಿಳಿಯಿತೇ ಎಂಬುದನ್ನು ಹೇಳಲಾರದು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್‌ ರೀಡರ್‌ ನೆರವಿನಿಂದ ಅರ್ಜಿ ತುಂಬುವಷ್ಟರಲ್ಲಿ ಒಟಿಪಿ ಅವಧಿ ಮುಗಿದರೆ, ಕ್ಯಾಪ್ಚಾಕ್ಕೆ ಧ್ವನಿಯ ಪರ್ಯಾಯ ಇಲ್ಲದಿದ್ದರೆ, ಪಿಂಚಣಿಯ ಅರ್ಜಿಗೂ ಅಂಧರು ತಮ್ಮ ಆಧಾರ್‌ ಸಂಖ್ಯೆ, ಒಟಿಪಿಯನ್ನು ಬೇರೆಯವರ ಕೈಗೆ ಒಪ್ಪಿಸಬೇಕಾಗುತ್ತದೆ. ಅವರ ಖಾಸಗಿತನ, ಹಣ ಎರಡಕ್ಕೂ ಇದರಿಂದ ಅಪಾಯ. ಸರ್ಕಾರಿ ಸೇವಾ ತಾಣಗಳ ಟೆಂಡರ್‌ ಷರತ್ತಿನಲ್ಲೇ ಅಂಗವಿಕಲ ಬಳಕೆದಾರರಿಂದ ಪರೀಕ್ಷೆ ಮಾಡಿಸುವುದನ್ನು ಕಡ್ಡಾಯಗೊಳಿಸಬೇಕು. ಪರೀಕ್ಷಿಸುವವರಿಗೆ ಸಂಭಾವನೆ ಕೊಡಬೇಕು. ಅವರು ತೋರಿಸಿಕೊಟ್ಟ ದೋಷ ಸರಿಯಾಗುವವರೆಗೆ ಗುತ್ತಿಗೆದಾರರ ಅಂತಿಮ ಬಿಲ್‌ ಪಾವತಿಸಬಾರದು. ರಾಜ್ಯ ಸರ್ಕಾರವು ತನ್ನ ಆನ್‌ಲೈನ್‌ ಸೇವಾ ತಾಣವಾದ ಸೇವಾ ಸಿಂಧುವಿನಿಂದಲೇ ಈ ಕೆಲಸ ಆರಂಭಿಸಲಿ.