ಕಾಂಡೋಮಿಗೂ ಸೂಜಿಗೂ ಒಂದೇ ನ್ಯಾಯ
ಹಾನಿ ತಗ್ಗಿಸುವುದು ಎಂದರೆ ಚಟವನ್ನು ಒಪ್ಪುವುದಲ್ಲ; ಚಟ ಬಿಡುವವರೆಗೆ ಮನುಷ್ಯನನ್ನು ಉಳಿಸಿಕೊಳ್ಳುವುದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಸೀಮೆಗೆ ಈ ತರ್ಕ ಹೊಸದಲ್ಲ. ಸಿಮೆಂಟ್ ಸಾಗಿಸುವವರಂಥ, ವಾರಗಟ್ಟಲೆ ಮನೆಯಿಂದ ದೂರವಿರುವ ಲಾರಿ ಚಾಲಕರನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಎಚ್‌ಐವಿ ಸೋಂಕಿನ ಸೇತುವೆಯಾಗಬಲ್ಲ ಗುಂಪೆಂದು ಗುರುತಿಸಿತು. ಅವರಿಗೆ ನೀತಿಪಾಠಕ್ಕಿಂತ ಮೊದಲು ಕಾಂಡೋಮ್, ಪರೀಕ್ಷೆ, ಚಿಕಿತ್ಸೆ ಬೇಕೆಂದಿತು. ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿ ಹರಡಿದ್ದು ಲೈಂಗಿಕ ಸಂಪರ್ಕದಿಂದ. ಮಣಿಪುರದಲ್ಲಿ ಮಾದಕವಸ್ತು ಚುಚ್ಚಿಕೊಳ್ಳಲು ಹಂಚಿಕೊಂಡ ಸೂಜಿಯಿಂದ. ಅಲ್ಲಿ ಶುದ್ಧ ಸೂಜಿ, ಹೆರಾಯಿನ್ ಬದಲಿಗೆ ವೈದ್ಯರ ನಿಗಾದಲ್ಲಿ ಕೊಡುವ ಬ್ಯುಪ್ರಿನಾರ್ಫಿನ್ ಮಾತ್ರೆ ಅದೇ ಕೆಲಸ ಮಾಡುತ್ತವೆ. ಆದರೂ ಸಮಾಜ ಕಾಂಡೋಮನ್ನು ಆರೋಗ್ಯವೆಂದೂ ಸೂಜಿಯನ್ನು ಅಪರಾಧವೆಂದೂ ನೋಡುತ್ತದೆ. 1985ರ ಮಾದಕವಸ್ತು ಕಾಯ್ದೆ ಸೇವನೆಗೂ ಶಿಕ್ಷೆ ವಿಧಿಸುತ್ತದೆ; ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಕ್ರಿಮಿನಲ್ ಪಟ್ಟಿಯಿಂದ ಕೈಬಿಟ್ಟು ಬಳಕೆದಾರರನ್ನು ಚಿಕಿತ್ಸೆಯತ್ತ ತಿರುಗಿಸಿತು. ಭಾರತದ 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮು, ಮಾರ್ಗಸೂಚಿಯಂತೆ ಸೋಂಕಿನ ಅಪಾಯ ತಗ್ಗಿಸುವ ಕ್ರಮ ಅಪರಾಧವಲ್ಲ ಎನ್ನುತ್ತದೆ. ನಮ್ಮ ಸೀಮೆಯ ಚಿತ್ತಾಪುರ, ಚಿಂಚೋಳಿಯಲ್ಲಿ ಸೂಜಿಯ ಸಮಸ್ಯೆ ಮಣಿಪುರದಷ್ಟು ಇಲ್ಲದಿರಬಹುದು. ಪಾಠ ಮಾತ್ರ ಒಂದೇ: ನಾಚಿಕೆ ಸೋಂಕನ್ನು ಮುಚ್ಚಿಡುತ್ತದೆ, ತಡೆಯುವುದಿಲ್ಲ. ಮಾಹಿತಿಗೆ ಉಚಿತ ಸಹಾಯವಾಣಿ 1097 ಇದೆ.