ಕಟ್ಟಡ ಪರವಾನಗಿಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಡಲು ಕೋರಿ ಮನವಿ ಪತ್ರ

ಸ್ಥಳ: ಹೊಳೆಬಾಗಿಲು, ಸಾಗರ ತಾಲ್ಲೂಕು
ಅಕ್ಟೋಬರ್ 2025

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಶಿವಮೊಗ್ಗ.

ಇಂದ,
ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಣ್ಣ ಕಟ್ಟಡ ಗುತ್ತಿಗೆದಾರರು ಮತ್ತು ಮೇಸ್ತ್ರಿಗಳು.

ವಿಷಯ: ಗ್ರಾಮ ಪಂಚಾಯಿತಿಗಳು ನೀಡುವ ಕಟ್ಟಡ ಪರವಾನಗಿಗಳ ವಿವರವನ್ನು ಕಾಲಕಾಲಕ್ಕೆ ಪ್ರಕಟಿಸುವ ಬಗ್ಗೆ.

ಮಾನ್ಯರೇ,

ಕಳೆದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಹಿನ್ನೀರು ಹರಡಿದ ಮೇಲೆ ತುಮರಿ, ಸಿಗಂದೂರು ಸೀಮೆಯಲ್ಲಿ ಒಂದು ಮನೆ ಕಟ್ಟುವುದೆಂದರೆ ಹೊಳೆಯ ಲೆಕ್ಕವನ್ನೂ ಹಾಕಬೇಕಿತ್ತು. ಸಿಮೆಂಟು, ಕಬ್ಬಿಣ ಹೇರಿದ ಗಾಡಿ ಲಾಂಚಿನ ಸರದಿ ಕಾಯಬೇಕಿತ್ತು, ಇಲ್ಲವೇ ದೂರದ ಸುತ್ತುದಾರಿ ಹಿಡಿಯಬೇಕಿತ್ತು. ಬೇಸಿಗೆಯಲ್ಲಿ ನೀರಿಳಿದಾಗ ಲಾಂಚಿನಲ್ಲಿ ವಾಹನ ಸಾಗಣೆಯನ್ನೇ ನಿಲ್ಲಿಸಿದ್ದುಂಟು. ಈಗ 2.44 ಕಿಲೋಮೀಟರ್ ಸೇತುವೆ ದಾಟಿದರೆ ಸಾಮಗ್ರಿ ನೇರ ಆಚೆ ದಡ ಸೇರುತ್ತದೆ.

ಸಾಮಗ್ರಿ ಬರುವ ದಾರಿಯಲ್ಲಿ ಹೊರಗಿನ ಗುತ್ತಿಗೆದಾರರೂ ಬರುತ್ತಾರೆ. ಬರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಸ್ಥಳೀಯರಿಗೆ ಇಷ್ಟು ಪಾಲು ಮೀಸಲಿಡಿ ಎಂದೂ ನಾವು ಕೇಳುತ್ತಿಲ್ಲ. ಯಾವ ಊರಲ್ಲಿ ಯಾವ ಕಟ್ಟಡಕ್ಕೆ ಅನುಮತಿ ಸಿಕ್ಕಿತೆಂಬ ಸುದ್ದಿ ಕೆಲವರ ಕಿವಿಗೆ ಮೊದಲು ಬಿದ್ದು, ಉಳಿದವರಿಗೆ ಪಾಯ ತೆಗೆದ ಮೇಲೆ ತಿಳಿಯುವುದು ನಿಲ್ಲಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಮಲೆನಾಡಿನಲ್ಲಿ ಕಟ್ಟಡದ ಕೆಲಸಕ್ಕೆ ಹಂಗಾಮು ಇರುವುದೇ ಚಿಕ್ಕದು. ದೀಪಾವಳಿ ಕಳೆದು ಪಾಯ ತೆಗೆದರೆ ಮೇ ತಿಂಗಳೊಳಗೆ ಮಾಡು ಕೂರಬೇಕು, ಮಳೆ ಹಿಡಿಯಿತೆಂದರೆ ಕೆಲಸ ನಿಂತಿತು. ಆದ್ದರಿಂದ ತಡವಾಗಿ ಸುದ್ದಿ ತಿಳಿದ ಮೇಸ್ತ್ರಿಗೆ ಆ ವರ್ಷವೇ ಕೈತಪ್ಪಿದಂತೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, ನಿಜ. ಉತ್ತರಕ್ಕೆ ಕಾನೂನು ಕೊಟ್ಟಿರುವ ಅವಧಿ 30 ದಿನ. ಅಷ್ಟರಲ್ಲಿ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿರುತ್ತದೆ.

ವಾಸ್ತವದಲ್ಲಿ ಅರ್ಜಿ ಹಾಕುವ ಅಗತ್ಯವೇ ಬರಬಾರದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಹಳ್ಳಿಗಳಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವುದು ಗ್ರಾಮ ಪಂಚಾಯಿತಿ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ)ಯ 13ನೇ ಅಂಶದ ಪ್ರಕಾರ, ಸಾರ್ವಜನಿಕ ಪ್ರಾಧಿಕಾರವು ತಾನು ನೀಡಿದ ಪರವಾನಗಿಗಳನ್ನು ಪಡೆದವರ ವಿವರವನ್ನು ಯಾರೂ ಕೇಳದೆ ತಾನೇ ಪ್ರಕಟಿಸಬೇಕು.

ಬಸವ ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ, ಊರವರ ಎದುರಿನಲ್ಲೇ ಆರಿಸಲಾಗುತ್ತದೆ. ಬಡವರ ಮನೆಯ ಪಟ್ಟಿ ಊರಿಗೆಲ್ಲ ಗೊತ್ತಿರುವಾಗ, ಹೋಮ್‌ಸ್ಟೇ, ವಸತಿಗೃಹ, ವಾಣಿಜ್ಯ ಮಳಿಗೆಗಳ ಪರವಾನಗಿ ಮಾತ್ರ ಬೀರುವಿನಲ್ಲಿ ಏಕಿರಬೇಕು? ಅಮೆರಿಕದ ಶಿಕಾಗೋ ನಗರಾಡಳಿತವು 2006ರಿಂದೀಚಿನ ಕಟ್ಟಡ ಪರವಾನಗಿಗಳ ವಿವರವನ್ನು, ಅಂದರೆ ವಿಳಾಸ, ಕೆಲಸದ ಬಗೆ, ಅಂದಾಜು ವೆಚ್ಚಗಳನ್ನು, ಅಂತರ್ಜಾಲದಲ್ಲಿ ಇಟ್ಟಿದೆ. ಯಾವ ಗುತ್ತಿಗೆದಾರನಾದರೂ ಅದನ್ನು ನೋಡಿ ಕೆಲಸ ಕೇಳಿಕೊಂಡು ಹೋಗಬಹುದು.

ಮನೆ ಕಟ್ಟಿಸುವವರಿಗೂ ಇದರಿಂದ ಲಾಭವಿದೆ. ಒಬ್ಬನೇ ಹೇಳಿದ ದರಕ್ಕೆ ತಲೆಬಾಗದೆ ನಾಲ್ಕು ಜನರ ಚದರಡಿ ದರ ಕೇಳಿ ನೋಡಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಬೇಕಾದ ಸೆಸ್ ಯಾವ ದೊಡ್ಡ ಕಟ್ಟಡದಿಂದ ಬಂದಿದೆ, ಯಾವುದರಿಂದ ಬಂದಿಲ್ಲ ಎಂಬುದೂ ಹೊರಬೀಳುತ್ತದೆ.

ಈ ಕಾರಣಗಳಿಗಾಗಿ ನಮ್ಮ ಹಕ್ಕೊತ್ತಾಯಗಳು:

1. ಮೂರೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯು ಪರವಾನಗಿ ನೀಡಿದ 7 ದಿನಗಳೊಳಗೆ ಅದರ ವಿವರವನ್ನು ಸೂಚನಾ ಫಲಕದಲ್ಲಿ ಹಾಕಬೇಕು.

2. ಪಟ್ಟಿಯಲ್ಲಿ ಪರವಾನಗಿ ಸಂಖ್ಯೆ, ದಿನಾಂಕ, ಪಡೆದವರ ಹೆಸರು, ಗ್ರಾಮ, ಕಟ್ಟಡದ ಉದ್ದೇಶ, ವಿಸ್ತೀರ್ಣ ಮತ್ತು ಅಂತಸ್ತು ಇರಬೇಕು. ಮೊಬೈಲ್, ಆಧಾರ್, ಬ್ಯಾಂಕ್ ವಿವರ ಇರಕೂಡದು.

3. ಗುತ್ತಿಗೆದಾರರು ಸಂಪರ್ಕಿಸಬಹುದೇ ಎಂದು ಅರ್ಜಿ ನಮೂನೆಯಲ್ಲೇ ಮಾಲೀಕರನ್ನು ಕೇಳಬೇಕು. ಒಪ್ಪಿದವರ ದೂರವಾಣಿ ಸಂಖ್ಯೆಯನ್ನು, ಕೇಳಿದ ಎಲ್ಲ ಗುತ್ತಿಗೆದಾರರಿಗೂ ಒಂದೇ ರೀತಿ ಕೊಡಬೇಕು.

4. ತಾಲ್ಲೂಕುವಾರು ಮಾಸಿಕ ಪಟ್ಟಿ ಜಿಲ್ಲಾ ಪಂಚಾಯಿತಿಯ ಜಾಲತಾಣದಲ್ಲಿ ಕನ್ನಡದಲ್ಲಿ ಸಿಗಬೇಕು. ಹಿನ್ನೀರಿನ ಹಲವು ಊರುಗಳಲ್ಲಿ ಮೊಬೈಲ್ ಸಿಗ್ನಲ್ ಸರಿಯಿಲ್ಲದ ಕಾರಣ ಮುದ್ರಿತ ಪ್ರತಿಯೂ ಪಂಚಾಯಿತಿಯಲ್ಲಿರಬೇಕು.

5. ಪಟ್ಟಿ ಪ್ರಕಟವಾಗುವ ಮುನ್ನ ಅದರ ಮಾಹಿತಿಯನ್ನು ಖಾಸಗಿಯಾಗಿ ಯಾರಿಗೂ ಕೊಡಬಾರದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಸೂಚನೆ ಹೊರಡಿಸಬೇಕು.

ನಮ್ಮ ಕಡೆಯಿಂದಲೂ ಒಂದು ಮಾತು ಕೊಡುತ್ತೇವೆ. ಬೇಡವೆಂದ ಮನೆಯ ಬಾಗಿಲನ್ನು ಮತ್ತೆ ತಟ್ಟುವುದಿಲ್ಲ. ಕೆಲಸ ಕೇಳಿ ಹೋದಲ್ಲಿ ದರ, ಸಾಮಗ್ರಿಯ ಗುಣಮಟ್ಟ, ಮುಗಿಸುವ ಅವಧಿಗಳನ್ನು ಬರವಣಿಗೆಯಲ್ಲೇ ಕೊಡುತ್ತೇವೆ.

ದೀಪಾವಳಿಯ ನಂತರದ ಕೆಲಸಗಳು ಶುರುವಾಗುವ ಹೊತ್ತಾಗಿದೆ. ಈ ಹಂಗಾಮಿನಲ್ಲೇ ಜಾರಿಗೆ ಬರುವಂತೆ ಸುತ್ತೋಲೆ ಹೊರಡಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಜಿಲ್ಲಾಧಿಕಾರಿಗಳು, ಶಿವಮೊಗ್ಗ: ಸಾಗರ ನಗರಸಭೆ ಹಾಗೂ ಹೊಸನಗರ, ತೀರ್ಥಹಳ್ಳಿ ಪಟ್ಟಣ ಪಂಚಾಯಿತಿಗಳಲ್ಲೂ ಇದೇ ಕ್ರಮ ಅನುಸರಿಸುವಂತೆ ಸೂಚಿಸಲು ಕೋರಿ.
ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯಿತಿ, ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ: ಮಾಹಿತಿಗಾಗಿ.