ಒಳಗೆ ಹಾಕಿದ್ದು ಹೊರಗೆ ಬಂದೀತೇ?

ತಂತ್ರಜ್ಞಾನದ ಅಂಕಣಗಳು ಎಲ್ಲ ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ಧಾಟಿಯವು. ಈ ವಾರ ಬಂದ ಆ್ಯಪ್ ಯಾವುದು, ಏನೇನು ಮಾಡುತ್ತದೆ, ಪುಕ್ಕಟೆಯೋ ದುಡ್ಡು ಕೊಡಬೇಕೋ, ಫೋನಿನಲ್ಲಿ ಎಷ್ಟು ಜಾಗ ತಿನ್ನುತ್ತದೆ. ಹೊಸದರ ಮೇಲೆ ಆಸೆಪಡುವುದು ತಪ್ಪೇನಲ್ಲ. ಆ ಆಸೆಯ ಜನ ಇಲ್ಲದಿದ್ದರೆ ಕನ್ನಡ ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ. ಆದರೆ ಈ ಅಂಕಣಗಳು ಸಾಮಾನ್ಯವಾಗಿ ಕೇಳದೇ ಬಿಡುವ ಒಂದು ಪ್ರಶ್ನೆ ಇದೆ. ಈ ತಂತ್ರಾಂಶದೊಳಗೆ ನಾವು ಹಾಕಿದ್ದು, ಅದನ್ನು ಮಾಡಿದವರು ಕೈಬಿಟ್ಟ ಮೇಲೂ ನಮಗೆ ಸಿಗುತ್ತದೆಯೇ? ಸಿಕ್ಕರೂ ಇನ್ನೊಂದು ತಂತ್ರಾಂಶ ಅದನ್ನು ಓದಬಲ್ಲದೇ? ಕನ್ನಡದ ಮಟ್ಟಿಗಂತೂ ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು ಎಂಬುದು ಈ ಟಿಪ್ಪಣಿಯ ವಾದ. ಬೇರೆ ಕೆಲವು ಭಾಷೆಗಳಿಗೆ ಇದು ಮುನ್ನೆಚ್ಚರಿಕೆಯ ಮಾತಾದೀತು. ನಾವು ಇದರ ದಂಡವನ್ನು ಈಗಾಗಲೇ ಒಮ್ಮೆ ತೆತ್ತಿದ್ದೇವೆ, ಇನ್ನೂ ತೆರುತ್ತಿದ್ದೇವೆ.

ದಂಡ ಎಂಥದ್ದೆಂದು ನೋಡಲು ‘ಕನ್ನಡ’ ಎಂಬ ಒಂದೇ ಪದ ಸಾಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿ ಉಳಿಸಿದ ಈ ಪದವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏಳು ಚಿಹ್ನೆಗಳು ಕಾಣುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರು ಎರಡು ಎಸ್‌ಗೆ ಬದಲಾಗಿ ಬರೆಯುವ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಇಷ್ಟೇ. ಈ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ತೋರಿಸುವುದು ಫಾಂಟಿನ ಕೆಲಸವಾಗಿತ್ತು. ಪಿ ಇದ್ದಲ್ಲಿ ಕಕಾರದ ಒಡಲು, ಗೀಟಿನ ಎ ಇದ್ದಲ್ಲಿ ತಲೆಕಟ್ಟು, ಜರ್ಮನ್ ಅಕ್ಷರ ಇದ್ದಲ್ಲಿ ನಕಾರದ ಒತ್ತು. ಕಣ್ಣಿಗೆ ಕನ್ನಡ, ಒಳಗೆ ಕಲಸುಮೇಲೋಗರ. ಇಂಥ ಕಡತವನ್ನು ಗೂಗಲ್ ಹುಡುಕಿಕೊಡಲಾರದು, ಅಕಾರಾದಿಯಾಗಿ ಜೋಡಿಸಲು ಬಾರದು, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಅದರ ಮುಂದೆ ಪಿ, ಎ ಎಂದು ತೊದಲುತ್ತದೆ. ಶ್ರೀಲಿಪಿ ಎಂಬ ತಂತ್ರಾಂಶದ್ದು ಮತ್ತೊಂದು ಲೆಕ್ಕ, ಆಕೃತಿ ಎಂಬುದರದ್ದು ಇನ್ನೊಂದು. ಸುಮಾರು ಎರಡು ದಶಕಗಳ ಕಾಲ ಕನ್ನಡದ ಪುಸ್ತಕ, ಪತ್ರಿಕೆ, ಸರ್ಕಾರಿ ಸುತ್ತೋಲೆ, ಮದುವೆಯ ಕರೆಯೋಲೆ ಎಲ್ಲವೂ ಹೆಚ್ಚಾಗಿ ಹೀಗೆಯೇ ಸಿದ್ಧವಾದವು. ಅಚ್ಚಾದ ಪ್ರತಿ ಕಪಾಟಿನಲ್ಲಿ ಇದೆ. ಅದರ ಹಿಂದಿದ್ದ ಕಡತ ಸಿಡಿಯಲ್ಲೋ ಡಿಟಿಪಿಯವರ ಹಳೆಯ ಹಾರ್ಡ್‌ಡಿಸ್ಕಿನಲ್ಲೋ ಇದ್ದರೂ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ.

ಇದನ್ನು ಹೇಳುವಾಗ ನುಡಿ, ಬರಹಗಳನ್ನು ಕಟ್ಟಿದವರನ್ನು ದೂರುವುದು ಕೃತಘ್ನತೆಯಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಾಗ ಸಾಮಾನ್ಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಸುಲಭದ ದಾರಿ ಬೇರೆ ಇರಲಿಲ್ಲ. ವಿಂಡೋಸ್ ತಾನಾಗಿಯೇ ಕನ್ನಡ ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ಕೂರಿಸಿಕೊಟ್ಟ ವಿನ್ಯಾಸ ಇಂದಿಗೂ ಲಕ್ಷಾಂತರ ಬೆರಳುಗಳ ಅಭ್ಯಾಸ. ಅದೇ ದಾರಿಯ ‘ನುಡಿ’ಯನ್ನು ಸರ್ಕಾರ ಕೈಗೆತ್ತಿಕೊಂಡು ಉಚಿತವಾಗಿ ಹಂಚಿದ್ದರಿಂದಲೇ ತಾಲ್ಲೂಕು ಕಚೇರಿಯವರೆಗೆ ಕನ್ನಡ ತಲುಪಿತು. ಆ ಹೊತ್ತಿಗೆ ಅದು ಸರಿಯಾದ ಹೆಜ್ಜೆ. ಎಡವಿದ್ದು ಮುಂದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಗೊತ್ತುಮಾಡುವ ಯೂನಿಕೋಡ್ ಬಂದು, ಬರಹ ಮತ್ತು ನುಡಿ ಎರಡೂ ಅದಕ್ಕೆ ಹೊಂದಿಕೊಂಡ ಮೇಲೂ ಅಚ್ಚಿನ ಮನೆಗಳು ಹಳೆಯ ಫಾಂಟನ್ನು ಬಿಡಲಿಲ್ಲ. ಅವರಿಗೂ ಕಾರಣವಿತ್ತು: ಪುಟವಿನ್ಯಾಸಕ್ಕೆ ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ, 2001ರ ಏಳನೆಯ ಆವೃತ್ತಿಯ ನಂತರ ಅದನ್ನು ಅಡೋಬಿ ಬೆಳೆಸಲೂ ಇಲ್ಲ. ಮಾಡಿದವರು ಕೈಬಿಟ್ಟ ತಂತ್ರಾಂಶವೊಂದು ಒಂದು ಭಾಷೆಯ ಮುದ್ರಣವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತು. ನಾವು ಕೇಳದೇ ಬಿಟ್ಟ ಪ್ರಶ್ನೆಯ ಬೆಲೆ ಅದು.

ಯೂನಿಕೋಡ್ ಏಕೆ ಬೇರೆ ಎಂಬುದನ್ನು ಉತ್ಸಾಹಿಗಳು ಬಿಟ್ಟರೆ ಉಳಿದವರು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿ ‘ಕನ್ನಡ’ ಎಂದರೆ ಐದು ಸಂಕೇತಗಳು, ನಾವು ಉಚ್ಚರಿಸುವ ಕ್ರಮದಲ್ಲೇ: ಕ, ನ, ಹಲಂತದ ಗುರುತು, ಮತ್ತೆ ನ, ಡ. ಒತ್ತನ್ನು ಎಲ್ಲಿ ಕೂರಿಸಬೇಕು ಎಂಬುದು ಫಾಂಟಿನ ಜವಾಬ್ದಾರಿ, ಪಠ್ಯದ ಗುಣವಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಬರೆದವರಿಗೆ ಈ ವ್ಯತ್ಯಾಸದ ಕಷ್ಟ ಗೊತ್ತು. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಯಕಾರದ ನಂತರ ಇಡುತ್ತದೆ. ಪರಿವರ್ತಕ ಅದನ್ನು ಎತ್ತಿ ಯಕಾರದ ಹಿಂದಕ್ಕೆ ತಂದು, ರೇಫವಾಗಿ ಮಾಡಿ, ಹಲಂತ ಸೇರಿಸಬೇಕು. ಇಂಥ ನೂರೆಂಟು ಸಂಧಿಗಳನ್ನು ಬಿಡಿಸಿದ ಪರಿವರ್ತಕಗಳನ್ನು ಸ್ವಯಂಸೇವಕರು ಮಾಡಿ, ಮೂಲಸಂಕೇತದ ಸಮೇತ ಎಲ್ಲರಿಗೂ ಬಿಟ್ಟಿದ್ದಾರೆ. ಯಾವ ಅಂಕಣವೂ ಇವನ್ನು ವಾರದ ಆ್ಯಪ್ ಎಂದು ಮೆರೆಸುವುದಿಲ್ಲ. ಯೂನಿಕೋಡಿನಲ್ಲಿ ಒಂದು ತಮಾಷೆಯೂ ಇದೆ. ಹಳಗನ್ನಡದ ೞಕಾರಕ್ಕೆ ಅಲ್ಲಿ ಅಧಿಕೃತವಾಗಿ ಇಟ್ಟ ಹೆಸರು ‘ಫ’! ಯಾರದೋ ಕೈತಪ್ಪು. ತಪ್ಪೆಂದು ಒಪ್ಪಿ ಯೂನಿಕೋಡಿನವರು ಪಕ್ಕದಲ್ಲಿ ಸರಿಯಾದ ಹೆಸರನ್ನು ಬರೆದಿದ್ದಾರೆ, ಆದರೆ ಮೂಲ ಹೆಸರನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಿಸಬಾರದೆಂಬುದು ಅವರ ನಿಯಮ. ನಗು ಬರಿಸುವ ಈ ಹಟಮಾರಿತನವೇ ಇಂದು ಬರೆದದ್ದನ್ನು ಮುಂದೆಯೂ ಓದಬಹುದೆಂಬುದಕ್ಕೆ ಇರುವ ಜಾಮೀನು.

ಇಂಥ ಜಾಮೀನು ಪಠ್ಯಕ್ಕಷ್ಟೇ ಅಲ್ಲ, ಜಾಲತಾಣಕ್ಕೂ ಸಾಧ್ಯ. ಅಂತರಜಾಲದಲ್ಲಿ ಕನ್ನಡಿಗರಿಗೆ ಕಳೆದ ಕೆಲವು ವರ್ಷಗಳಲ್ಲಿ ಸಿಕ್ಕ ಅತ್ಯುತ್ತಮ ವಸ್ತು ಯಾವುದೆಂದು ಕೇಳಿದರೆ ನಮ್ಮ ಉತ್ತರ ‘ಅಲರ್’. ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ ಸುಮಾರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳು, ಎರಡು ಲಕ್ಷಕ್ಕೂ ಮಿಕ್ಕಿದ ಅರ್ಥಗಳು. 2019ರಲ್ಲಿ ಅದು ಜಾಲಕ್ಕೆ ಬಂತು. ಜಾಲತಾಣ ನೋಡಲು ಏನೂ ಇಲ್ಲ ಅನ್ನುವಷ್ಟು ಸರಳ: ಒಂದು ಹುಡುಕುವ ಪೆಟ್ಟಿಗೆ, ಕೆಳಗೆ ಅರ್ಥಗಳು. ಸ್ವಾರಸ್ಯ ಒಳಗಿದೆ. ಕಾಗುಣಿತ ತುಸು ತಪ್ಪಿದರೂ ಅದು ಪದವನ್ನು ಹಿಡಿಯುತ್ತದೆ. ಪ್ರತಿ ಪದದ ಉಚ್ಚಾರಕ್ಕೆ ಒರಟಾದ್ದು, ನಯವಾದ್ದು ಎಂದು ಬೇರೆ ಬೇರೆ ಮಟ್ಟದ ಗುರುತುಗಳನ್ನು ಕಟ್ಟಿ, ಅವುಗಳನ್ನೇ ಹೋಲಿಸಿ ನೋಡುವ ವಿಧಾನವೊಂದು ಅದರ ಹಿಂದಿದೆ. ಲಕಾರ ಳಕಾರಗಳಲ್ಲಿ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಮುಗ್ಗರಿಸುವ ನಮ್ಮಂಥವರಿಗಾಗಿಯೇ ಮಾಡಿದಂತಿದೆ. ಆ ಕನ್ನಡ ಧ್ವನಿಸೂತ್ರವನ್ನು ಬರೆದ ಕೈಲಾಶ್ ನಾಧ್ ಅದಕ್ಕೂ ಮೊದಲು ಮಲಯಾಳಕ್ಕೆ ‘ಓಲಂ’ ಎಂಬ ನಿಘಂಟು ತಾಣ ಕಟ್ಟಿದವರು. ಇಷ್ಟೇ ಆಗಿದ್ದರೆ ಅಲರ್ ಒಂದು ಒಳ್ಳೆಯ ಜಾಲತಾಣವಾಗಿ ಮುಗಿಯುತ್ತಿತ್ತು. ಅದನ್ನು ಬೇರೆಯದೇ ಸಾಲಿಗೆ ಸೇರಿಸುವ ಸಂಗತಿ ಎಂದರೆ ಇಡೀ ನಿಘಂಟಿನ ದತ್ತಾಂಶವೇ ಮುಕ್ತ ಪರವಾನಗಿಯಲ್ಲಿ ಕೈಗೆ ಸಿಗುತ್ತದೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಆ್ಯಪಿನಲ್ಲಿ, ಕಿಂಡಲಿನಲ್ಲಿ, ಕಾಗುಣಿತ ತಿದ್ದುವ ತಂತ್ರಾಂಶದಲ್ಲಿ ಬಳಸಬಹುದು. ಹೆಚ್ಚಿಸಿ ಹಂಚುವವರು ಹೆಚ್ಚಿಸಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು, ಅಷ್ಟೆ. ನಾಳೆ ಆ ಜಾಲತಾಣ ನಿಂತುಹೋದರೂ ನಾಲ್ಕು ದಶಕದ ದುಡಿಮೆ ನಿಲ್ಲುವುದಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹೀಗೆ ಪುಕ್ಕಟೆ ಬಿಟ್ಟದ್ದು ಎಷ್ಟು ದಿನ ಬಾಳುತ್ತದೆ, ಬಂಡವಾಳ ಹಾಕಿದ ಕಂಪನಿಯೇ ಗಟ್ಟಿಯಲ್ಲವೇ ಎಂದು. ಉದಾಹರಣೆ ಬೆಂಗಳೂರಿನಲ್ಲೇ ಇದೆ. ‘ಕೂ’ 2020ರಲ್ಲಿ ಶುರುವಾದದ್ದು ಕನ್ನಡದಿಂದ. ಭಾರತೀಯ ಭಾಷೆಗಳ ಟ್ವಿಟರ್ ಎಂದು ಹೊಗಳಿಸಿಕೊಂಡಿತು, ದೊಡ್ಡ ಬಂಡವಾಳ ತಂದಿತು, ಮಂತ್ರಿಗಳೂ ನಟರೂ ಅಲ್ಲಿಗೆ ಬಂದರು. 2024ರ ಜುಲೈನಲ್ಲಿ ಮುಚ್ಚಿತು. ಜನ ತಮ್ಮ ಜಾಲಪುಟಗಳನ್ನು ಇಡುತ್ತಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ, ‘ರೀಡರ್’ ಎಂಬ ತನ್ನ ಸೇವೆಯನ್ನು ಗೂಗಲ್ 2013ರಲ್ಲಿ ಮುಚ್ಚಿದವು. ಯಾಹೂಗಾಗಲಿ ಗೂಗಲ್‌ಗಾಗಲಿ ದುಡ್ಡಿನ ಕೊರತೆ ಏನೂ ಇರಲಿಲ್ಲ. ಹಾಗೆಂದು ಮುಕ್ತ ತಂತ್ರಾಂಶಕ್ಕೆ ಅಮೃತ ಸಿಕ್ಕಿದೆ ಎಂದೂ ಭ್ರಮಿಸಬಾರದು. ಲಿನಕ್ಸ್ ಜಗತ್ತು ನೆಚ್ಚಿಕೊಂಡಿದ್ದ ‘ಎಕ್ಸ್‌ಝಡ್’ ಎಂಬ ಕಡತ ಕುಗ್ಗಿಸುವ ತಂತ್ರಾಂಶವನ್ನು ವರ್ಷಗಳ ಕಾಲ ಬಹುಮಟ್ಟಿಗೆ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆಂದು ಬಂದು ಎರಡು ವರ್ಷ ನಂಬಿಕೆ ಗಳಿಸಿದ ಅನಾಮಿಕನೊಬ್ಬ ಅದರೊಳಗೆ ಕಳ್ಳದಾರಿ ಕೊರೆದ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಎಲ್ಲರೂ ನೋಡಬಹುದಾದ್ದನ್ನು ಯಾರೂ ನೋಡದಿರುವ ಅಪಾಯ ನಿಜ; ಅದಕ್ಕೆ ಸಂಬಳ, ಸಂಸ್ಥೆ, ಸರ್ಕಾರದ ನೆರವು ಎಲ್ಲ ಬೇಕು. ಆದರೆ ನಮ್ಮ ಪ್ರಶ್ನೆ ತಂತ್ರಾಂಶ ಎಷ್ಟು ದಿನ ಬಾಳುತ್ತದೆ ಎಂಬುದಲ್ಲ. ಎಲ್ಲ ತಂತ್ರಾಂಶಗಳೂ ಒಂದು ದಿನ ಹೋಗುತ್ತವೆ. ಹೋಗುವಾಗ ನಮ್ಮ ಬರಹವನ್ನೂ ಕೊಂಡೊಯ್ಯುತ್ತವೆಯೇ ಎಂಬುದನ್ನು ಮಾತ್ರ ನಾವು ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಈಗೀಗ ಹೆಚ್ಚು ಕೇಳಿಬರುವ ಉತ್ತರ ಬೇರೆ: ಕೃತಕ ಬುದ್ಧಿಮತ್ತೆ ಬಂದಿದೆ, ಹಳೆಯ ಪುಸ್ತಕದ ಫೋಟೊ ತೆಗೆದುಕೊಟ್ಟರೆ ಅದೇ ಓದಿ ಬರೆದುಕೊಡುತ್ತದೆ, ಹಳೆಯ ಕಡತಗಳ ಚಿಂತೆ ಏಕೆ? ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶ 2018ರ ನಾಲ್ಕನೆಯ ಆವೃತ್ತಿಯಿಂದ ನರಜಾಲದ ವಿಧಾನಕ್ಕೆ ಹೊರಳಿತು, ಕನ್ನಡ ಓದುವುದರಲ್ಲೂ ಚುರುಕಾಯಿತು. ಆದರೂ ಷಕಾರ ಪಕಾರವಾಗುವುದು, ಸೊನ್ನೆ ಅಂಕಿ ಅನುಸ್ವಾರವಾಗುವುದು, ಮಸಿ ಹರಡಿದ ಒತ್ತು ಕಾಣೆಯಾಗುವುದು ಇನ್ನೂ ಇದ್ದದ್ದೇ. ಅದಕ್ಕೇ ವಿಕಿಸೋರ್ಸ್‌ನಲ್ಲಿ ಯಂತ್ರ ಓದಿದ ಪುಟ ಮೊದಲು ಕೆಂಪು. ಒಬ್ಬರು ತಿದ್ದಿದರೆ ಹಳದಿ. ಇನ್ನೊಬ್ಬರು ಮೂಲದೊಡನೆ ಹೋಲಿಸಿ ಒಪ್ಪಿದ ಮೇಲಷ್ಟೇ ಹಸಿರು. ಕಡತವೇ ಕೈಲಿದ್ದರೆ ಪರಿವರ್ತಕ ಕೆಲವೇ ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಇಬ್ಬರು ಮನುಷ್ಯರ ಕಣ್ಣು ಸವೆಯಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಈ ಬುದ್ಧಿಮತ್ತೆ ಕಲಿಯುವುದೇ ತೆರೆದಿಟ್ಟ ಪಠ್ಯದಿಂದ, ದನಿಯಿಂದ. ಓಪನ್‌ಎಐ 2022ರಲ್ಲಿ ‘ವಿಸ್ಪರ್’ ಎಂಬ, ಮಾತನ್ನು ಬರಹವಾಗಿಸುವ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟಿತು. ಅದರ ತರಬೇತಿಗೆ ಬಳಸಿದ್ದು 6,80,000 ಗಂಟೆಗಳ ದನಿ. ಅದರಲ್ಲಿ ಬರಹದ ಜೊತೆಗಿದ್ದ ಕನ್ನಡ ಬೆರಳೆಣಿಕೆಯ ಗಂಟೆಗಳಷ್ಟು. ಇಷ್ಟು ಕೋಟಿ ಜನ ಆಡುವ, ಇಷ್ಟು ಸಿನಿಮಾ, ಧಾರಾವಾಹಿ, ಯಕ್ಷಗಾನದ ದನಿಮುದ್ರಿಕೆ ಇರುವ ಭಾಷೆಗೆ ಈ ಪಾಲು! ಯಂತ್ರ ನಮ್ಮ ಹಳೆಯ ಬೀಗ ತೆಗೆಯಲಿ ಎಂದು ಕಾಯುತ್ತಿದ್ದೇವೆ. ಆ ಯಂತ್ರಕ್ಕೆ ಕನ್ನಡ ಸರಿಯಾಗಿ ಬರಬೇಕಾದರೆ ಬೇಕಾದ ಬರಹವೆಲ್ಲ ಆ ಬೀಗದ ಹಿಂದೆಯೇ ಇದೆ.

ಉಳಿದದ್ದು ಲೇಖಕರ ಮತ್ತು ಪ್ರಕಾಶಕರ ಆತಂಕ. ತೆರೆದಿಡಿ ಎಂದರೆ ಬಿಟ್ಟಿ ಕೊಡಿ ಎಂದೇ? ಅಲ್ಲ. ಕಡತ ಯೂನಿಕೋಡಿನಲ್ಲಿರುವುದಕ್ಕೂ ಅದನ್ನು ಮಾರುವುದಕ್ಕೂ ವಿರೋಧವಿಲ್ಲ. ಇ-ಪುಸ್ತಕ, ಕೇಳುಪುಸ್ತಕ, ಮರುಮುದ್ರಣ ಎಲ್ಲಕ್ಕೂ ಅದೇ ಬುನಾದಿಯಾದ್ದರಿಂದ ಹಕ್ಕುಳ್ಳವರಿಗೇ ಅದರಿಂದ ಮೊದಲ ಲಾಭ. ಹಕ್ಕು ಮುಗಿದ ಕೃತಿಗಳ ವಿಚಾರದಲ್ಲಂತೂ ಹಿಂಜರಿಯಲು ಏನೂ ಉಳಿದಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹ ಎಲ್ಲರ ಸ್ವತ್ತು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರ ಅಂಥ ಬರಹಗಳು 2024ರ ಜನವರಿ 1ರಿಂದ ಎಲ್ಲರವು. ಪೈಗಳ ಪುಸ್ತಕವನ್ನು ಈ ಮೂವತ್ತು ವರ್ಷಗಳಲ್ಲಿ ಯಾರಾದರೂ ಮರುಮುದ್ರಣಕ್ಕೆಂದು ಟೈಪು ಮಾಡಿಸಿದ್ದರೆ ಆ ಕಡತಕ್ಕೆ ಬೇಕಿರುವುದು ಒಂದು ಪರಿವರ್ತಕ, ಒಂದು ಸುತ್ತು ಪ್ರೂಫ್, ಜೊತೆಗೆ ಸಿಡಿ ಓದಬಲ್ಲ ಒಂದು ಹಳೆಯ ಡ್ರೈವು. ಮೂರರಲ್ಲಿ ಸಿಗುವುದು ದಿನೇ ದಿನೇ ಕಷ್ಟವಾಗುತ್ತಿರುವುದು ಕೊನೆಯದು.